ಮಕ್ಕಳ ನಂಬುಗೆ ಉಳಿಸಿದ ವೈದ್ಯ

ಮನಸ್ಸಿನ ನೋವನ್ನು ಇನ್ನೊಬ್ಬರ ಮುಂದೆ ತೆರೆದಿಡುವುದು ದೊಡ್ಡವರಿಗೂ ಸುಲಭವಲ್ಲ. ಮಕ್ಕಳಿಗಂತೂ ಅದು ಇನ್ನೂ ಕಠಿಣ. ಬಿದ್ದು ಮೊಣಕಾಲು ತರಚಿಕೊಂಡ ಮಗು ಅಳುತ್ತ ಓಡಿಬಂದು ಗಾಯವನ್ನು ತೋರಿಸುತ್ತದೆ. ಅವಮಾನಗೊಂಡ ಮಗು, ಹೆದರಿದ ಮಗು, ತಪ್ಪು ಮಾಡಿ ಒಳಗೊಳಗೇ ಬೇಯುತ್ತಿರುವ ಮಗು ಮಾತ್ರ ತನ್ನ ಗಾಯವನ್ನು ಮುಚ್ಚಿಟ್ಟುಕೊಳ್ಳುತ್ತದೆ. ಎಂದೋ ಒಂದು ದಿನ, ನಂಬಿಕೆಗೆ ಅರ್ಹರೆಂದು ತೋರಿದ ಹಿರಿಯರೊಬ್ಬರ ಮುಂದೆ ಅದು ಬಾಯಿ ತೆರೆಯುತ್ತದೆ. ಆ ಮಾತು ಮರುದಿನ ನಾಲ್ವರ ನಗೆಗೆ ಗುರಿಯಾದರೆ ಆ ಮಗು ಮತ್ತೆ ಯಾರನ್ನೂ ನಂಬಲಾರದು. ಇಂದು ಶಾಲೆಗಳಲ್ಲಿ ಆಪ್ತಸಲಹೆ ಎಂಬ ಹೆಸರಿನಿಂದ ನಡೆಯುವ ಕಾರ್ಯದ ಮೊದಲ ಧರ್ಮ ಈ ನಂಬಿಕೆಯನ್ನು ಕಾಪಾಡುವುದೇ ಆಗಿದೆ. ನೂರು ವರ್ಷಗಳಿಗೂ ಹಿಂದೆ ಒಂದು ಅನಾಥಾಲಯವನ್ನು ಈ ಧರ್ಮದ ಮೇಲೆಯೇ ನಿಲ್ಲಿಸಿ, ತಮ್ಮ ಪ್ರಾಣವನ್ನು ಕೊಟ್ಟು ಅದನ್ನು ಉಳಿಸಿಕೊಂಡ ಮಹನೀಯರು ಪೋಲೆಂಡ್ ದೇಶದ ಯಾನುಷ್ ಕೊರ್ಚಾಕ್. ಅವರು ವೈದ್ಯರು, ಲೇಖಕರು, ಶಿಕ್ಷಣತಜ್ಞರು; ಎಲ್ಲಕ್ಕಿಂತ ಮಿಗಿಲಾಗಿ ಮಕ್ಕಳ ಮಿತ್ರರು.

ಕೊರ್ಚಾಕರ ನಿಜವಾದ ಹೆಸರು ಹೆನ್ರಿಕ್ ಗೋಲ್ಡ್‌ಷ್ಮಿಟ್. ಅವರು ವಾರ್ಸಾ ನಗರದ ಅನುಕೂಲಸ್ಥ ಯಹೂದಿ ಕುಟುಂಬವೊಂದರಲ್ಲಿ ಜುಲೈ 22ರಂದು ಜನಿಸಿದರು. ತಂದೆ ಮಗನ ಜನನವನ್ನು ಸಕಾಲದಲ್ಲಿ ನೋಂದಾಯಿಸದೆ ಹೋದುದರಿಂದ ಹುಟ್ಟಿದ ವರ್ಷ 1878 ಆಗಿತ್ತೋ 1879 ಆಗಿತ್ತೋ ಎಂಬುದು ಅವರಿಗೇ ಖಚಿತವಿರಲಿಲ್ಲ. ಆಗ ವಾರ್ಸಾ ರಷ್ಯಾ ಚಕ್ರವರ್ತಿಯ ಆಳ್ವಿಕೆಗೆ ಒಳಪಟ್ಟಿತ್ತು. ತಂದೆ ಯೋಸೆಫ್ ಹೆಸರಾಂತ ವಕೀಲರು. ಮನೆಯಲ್ಲಿ ಯಾವ ಕೊರತೆಯೂ ಇರಲಿಲ್ಲ; ಆದರೆ ಬಾಲಕ ಹೆನ್ರಿಕ್ ಒಂಟಿಯಾಗಿ ಬೆಳೆದನು. ಅಂಗಳದಲ್ಲಿ ಆಡುವ ಬಡ ಮಕ್ಕಳೊಡನೆ ಬೆರೆಯಲು ಅವನಿಗೆ ಅನುಮತಿಯಿರಲಿಲ್ಲ. ಮರದ ತುಂಡುಗಳಿಂದ ಆಟದ ಮನೆಗಳನ್ನು ಕಟ್ಟುತ್ತ, ತನ್ನೊಳಗೇ ಮಾತನಾಡಿಕೊಳ್ಳುತ್ತ ಅವನು ದಿನ ಕಳೆಯುತ್ತಿದ್ದನು.

ಐದು ವರ್ಷದ ಬಾಲಕನಾಗಿದ್ದಾಗ ಅವನು ಪ್ರೀತಿಯಿಂದ ಸಾಕಿದ ಕ್ಯಾನರಿ ಹಕ್ಕಿ ಸತ್ತಿತು. ಅದನ್ನು ಅಂಗಳದಲ್ಲಿ ಹೂಳಿ, ಗೋರಿಯ ಮೇಲೆ ಒಂದು ಪುಟ್ಟ ಶಿಲುಬೆಯನ್ನು ನೆಡಬೇಕೆಂದು ಅವನು ಹೊರಟನು. ಹಕ್ಕಿ ಯಹೂದಿಯದಾದುದರಿಂದ ಶಿಲುಬೆ ನೆಡಕೂಡದೆಂದು ಕಾವಲುಗಾರನ ಮಗನು ತಡೆದನು. ತಾನೂ ಯಹೂದಿಯೆಂಬುದು ಆ ಮಗುವಿಗೆ ತಿಳಿದುದು ಆ ದಿನ. ಮುಂದೆ ಶಾಲೆಗೆ ಸೇರಿದಾಗ, ಒಬ್ಬ ಬಾಲಕನನ್ನು ಎಲ್ಲರ ಎದುರಿಗೆ ಮಲಗಿಸಿ ಬೆತ್ತದಿಂದ ಹೊಡೆಯುವುದನ್ನು ಅವನು ಕಂಡನು. ಪೆಟ್ಟಿಗಿಂತಲೂ, ಆ ಬಾಲಕನಿಗೆ ಆದ ಅವಮಾನವನ್ನು ಎಲ್ಲರೂ ನೋಡುತ್ತ ನಿಂತ ದೃಶ್ಯ ಅವನ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿತು. ಮಕ್ಕಳ ನೋವನ್ನು ದೊಡ್ಡವರ ಜಗತ್ತು ಎಷ್ಟು ಹಗುರವಾಗಿ ಕಾಣುತ್ತದೆ ಎಂಬುದು ಹೆನ್ರಿಕ್‌ಗೆ ಹೀಗೆ ಎಳವೆಯಲ್ಲಿಯೇ ಅನುಭವಕ್ಕೆ ಬಂದಿತು.

ಅಷ್ಟರಲ್ಲಿ ಮನೆಗೆ ದುರದೃಷ್ಟ ಕವಿಯಿತು. ತಂದೆಯ ಮನಸ್ಸಿನ ಸ್ವಾಸ್ಥ್ಯ ಕೆಟ್ಟು, ಅವರನ್ನು ಹಲವು ಬಾರಿ ಮಾನಸಿಕ ರೋಗಿಗಳ ಆಸ್ಪತ್ರೆಗೆ ಸೇರಿಸಬೇಕಾಯಿತು. ಸಂಪತ್ತು ಕರಗಿತು. 1896ರಲ್ಲಿ ತಂದೆ ತೀರಿಕೊಂಡರು. ಹದಿಹರೆಯದ ಹೆನ್ರಿಕ್ ಮನೆಪಾಠ ಹೇಳಿ ತಾಯಿಯನ್ನೂ ಸಹೋದರಿಯನ್ನೂ ಸಲಹುವ ಹೊಣೆ ಹೊತ್ತನು. ತಂದೆಯ ಕಾಯಿಲೆ ತನಗೂ ಬಂದೀತೆಂಬ ಭಯ ಅವನನ್ನು ಬಹುಕಾಲ ಕಾಡಿತು. ಹೊರಗೆ ಹೇಳಿಕೊಳ್ಳಲಾಗದ ದುಃಖವನ್ನು ಹೊತ್ತು ತಿರುಗುವುದು ಹೇಗಿರುತ್ತದೆ ಎಂಬುದನ್ನು ಅವನು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

1898ರಲ್ಲಿ ಅವರು ವಾರ್ಸಾ ವಿಶ್ವವಿದ್ಯಾನಿಲಯದಲ್ಲಿ ವೈದ್ಯಶಾಸ್ತ್ರದ ವ್ಯಾಸಂಗಕ್ಕೆ ತೊಡಗಿದರು. ಅದೇ ವರ್ಷ ಒಂದು ಸಾಹಿತ್ಯ ಸ್ಪರ್ಧೆಗೆ ನಾಟಕವನ್ನು ಕಳುಹಿಸುವಾಗ, ಹಳೆಯ ಪೋಲಿಷ್ ಕಾದಂಬರಿಯೊಂದರ ನಾಯಕನ ಹೆಸರನ್ನು ಅನುಸರಿಸಿ ಕಾವ್ಯನಾಮವೊಂದನ್ನು ಇಟ್ಟುಕೊಂಡರು. ಯಾನುಷ್ ಕೊರ್ಚಾಕ್ ಎಂಬ ಆ ಹೆಸರೇ ಮುಂದೆ ಲೋಕಪ್ರಸಿದ್ಧವಾಯಿತು. ವಿದ್ಯಾರ್ಥಿ ದೆಸೆಯಲ್ಲಿಯೇ ಅವರು ನಗರದ ಕೊಳೆಗೇರಿಗಳಲ್ಲಿ ಅಲೆದು, ಬೀದಿ ಮಕ್ಕಳ ಬಾಳನ್ನು ಹತ್ತಿರದಿಂದ ಕಂಡು ಬರೆದರು. 1905ರಲ್ಲಿ ವೈದ್ಯ ಪದವಿ ಪಡೆದ ಕೂಡಲೇ ರಷ್ಯಾ ಮತ್ತು ಜಪಾನ್ ದೇಶಗಳ ಯುದ್ಧಕ್ಕೆ ಸೇನಾ ವೈದ್ಯರಾಗಿ ಹೋಗಬೇಕಾಯಿತು. ಮರಳಿ ಬಂದ ಮೇಲೆ ವಾರ್ಸಾದ ಯಹೂದಿ ಮಕ್ಕಳ ಆಸ್ಪತ್ರೆಯೊಂದರಲ್ಲಿ 1912ರವರೆಗೆ ಸೇವೆ ಸಲ್ಲಿಸಿದರು. ಶ್ರೀಮಂತರಿಂದ ತಕ್ಕ ಶುಲ್ಕ ಪಡೆಯುತ್ತಿದ್ದ ಈ ತರುಣ ವೈದ್ಯರು ಬಡವರ ಮಕ್ಕಳಿಗೆ ಉಚಿತವಾಗಿ ಚಿಕಿತ್ಸೆ ನೀಡುತ್ತಿದ್ದರು.

ಆಸ್ಪತ್ರೆ ಅವರಿಗೆ ನೋಡುವ ಕಣ್ಣನ್ನು ಕೊಟ್ಟಿತು. ಜ್ವರವನ್ನಾಗಲಿ ಕೆಮ್ಮನ್ನಾಗಲಿ ವೈದ್ಯನು ಕಡೆಗಣಿಸುವುದಿಲ್ಲ; ಅವು ಒಳಗಿನ ಕಾಯಿಲೆಯ ಸೂಚನೆಗಳು. ಹಾಗೆಯೇ ಮಗುವಿನ ನಗು, ಕಣ್ಣೀರು, ನಾಚಿ ಕೆಂಪೇರಿದ ಮುಖ, ಇವೆಲ್ಲವೂ ಶಿಕ್ಷಕನಿಗೆ ಸೂಚನೆಗಳಾಗಬೇಕೆಂದು ಕೊರ್ಚಾಕ್ ತಿಳಿದರು. ರೋಗಿಯು ಕೆಮ್ಮಿದನೆಂದು ಯಾವ ವೈದ್ಯನೂ ಸಿಟ್ಟಿಗೇಳುವುದಿಲ್ಲ. ಮಗು ಸುಳ್ಳು ಹೇಳಿದಾಗಲೂ ಮೊದಲು ಹುಡುಕಬೇಕಾದುದು ಕಾರಣವನ್ನು. ರೋಗಿಯ ಗುಟ್ಟನ್ನು ಬೀದಿಯಲ್ಲಿ ಸಾರದಿರುವುದು ವೈದ್ಯವೃತ್ತಿಯ ಪುರಾತನ ವ್ರತ. ಆ ವ್ರತವನ್ನು ಕೊರ್ಚಾಕ್ ಆಸ್ಪತ್ರೆಯ ಬಾಗಿಲಿನಿಂದ ಮಕ್ಕಳ ಮನೆಯ ಬಾಗಿಲಿಗೆ ತಂದರು.

ಇದನ್ನು ಅವರು ಒಂದೇ ದಿನದಲ್ಲಿ ಕಲಿಯಲಿಲ್ಲ. ಬಡ ಮಕ್ಕಳಿಗಾಗಿ ಹಳ್ಳಿಗಾಡಿನಲ್ಲಿ ನಡೆಯುತ್ತಿದ್ದ ಬೇಸಿಗೆ ಶಿಬಿರಗಳಲ್ಲಿ ಅವರು ಮೇಲ್ವಿಚಾರಕರಾಗಿ ದುಡಿದರು. ಮೊದಲ ಸಲ ಹೋದಾಗ ಉತ್ಸಾಹ ಬಹಳವಿತ್ತು, ಅನುಭವ ಇರಲಿಲ್ಲ. ರಾತ್ರಿ ಮಲಗುವ ಕೋಣೆಯಲ್ಲಿ ಹುಡುಗರು ಗದ್ದಲವೆಬ್ಬಿಸಿದಾಗ ಗದರಿಸಿದರು, ಹೆದರಿಸಿದರು. ಗದ್ದಲ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ತಾವು ಮಕ್ಕಳಿಗೆ ಹೇಳುತ್ತಿರುವೆವೇ ವಿನಾ ಮಕ್ಕಳೊಡನೆ ಮಾತನಾಡುತ್ತಿಲ್ಲವೆಂಬುದು ಅವರಿಗೆ ಆಮೇಲೆ ಹೊಳೆಯಿತು. ಹುಡುಗರನ್ನು ಕಾಡಿಗೆ ಕರೆದೊಯ್ದು, ಅವರ ನಡುವೆ ಕುಳಿತು, ಅವರ ಅಭಿಪ್ರಾಯ ಕೇಳಿದ ದಿನ ಎಲ್ಲವೂ ಬದಲಾಯಿತು. ಕೇಳಿಸಿಕೊಳ್ಳುವುದೇ ಶಿಕ್ಷಣದ ಮೊದಲ ಮೆಟ್ಟಿಲೆಂದು ಅವರು ಅರಿತರು.

1912ರಲ್ಲಿ ವಾರ್ಸಾದ ಕ್ರೋಹ್ಮಾಲ್ನಾ ಬೀದಿಯಲ್ಲಿ ಯಹೂದಿ ಅನಾಥ ಮಕ್ಕಳಿಗಾಗಿ ಹೊಸ ಕಟ್ಟಡವೊಂದು ತೆರೆಯಿತು. ಅದರ ಹೊಣೆ ಹೊರಲು ಕೊರ್ಚಾಕ್ ಆಸ್ಪತ್ರೆಯ ಕೆಲಸವನ್ನೂ ಒಳ್ಳೆಯ ವರಮಾನವನ್ನೂ ಬಿಟ್ಟರು. ಅವರಿಗೆ ಜೊತೆಯಾದವರು ಸ್ಟೆಫಾನಿಯಾ ವಿಲ್ಚಿನ್ಸ್ಕಾ. ಮನೆಯ ದೈನಂದಿನ ವ್ಯವಹಾರವೆಲ್ಲ ಈ ದಕ್ಷ ಮಹಿಳೆಯ ಹೆಗಲ ಮೇಲಿತ್ತು. ಸುಮಾರು ನೂರು ಮಂದಿ ಬಾಲಕ ಬಾಲಕಿಯರು ಅಲ್ಲಿ ವಾಸಿಸುತ್ತಿದ್ದರು. ನೂರು ಮಕ್ಕಳಿರುವ ಮನೆಯಲ್ಲಿ ಏಕಾಂತವೆಂಬುದು ದುರ್ಲಭ. ಎಲ್ಲರೂ ಒಟ್ಟಿಗೆ ಉಣ್ಣುವರು, ಒಟ್ಟಿಗೆ ಮಲಗುವರು, ಒಟ್ಟಿಗೆ ಆಡುವರು. ಇಂಥ ಕಡೆ ಒಂದು ಮಗು ತನ್ನ ಸಂಕಟವನ್ನು ಮೆಲ್ಲನೆ ಹೇಳಿಕೊಳ್ಳುವುದೆಲ್ಲಿ? ಈ ಪ್ರಶ್ನೆಗೆ ಕೊರ್ಚಾಕ್ ಕಂಡುಕೊಂಡ ಉತ್ತರ ಬಹಳ ಸರಳವಾಗಿತ್ತು. ಅವರು ಮನೆಯೊಳಗೆ ಒಂದು ಅಂಚೆ ಪೆಟ್ಟಿಗೆಯನ್ನು ಇಟ್ಟರು.

ಯಾವ ಮಗುವಾದರೂ ತನ್ನ ಮನಸ್ಸಿನಲ್ಲಿರುವುದನ್ನು ಬರೆದು ಆ ಪೆಟ್ಟಿಗೆಗೆ ಹಾಕಬಹುದಾಗಿತ್ತು. ಸಂಜೆ, ಗದ್ದಲ ಅಡಗಿದ ಮೇಲೆ, ಹಿರಿಯರು ಶಾಂತವಾಗಿ ಕುಳಿತು ಪತ್ರಗಳನ್ನು ಓದುತ್ತಿದ್ದರು. ಅವುಗಳಲ್ಲಿ ಕೋರಿಕೆಗಳಿದ್ದವು, ದೂರುಗಳಿದ್ದವು, ಕ್ಷಮಾಯಾಚನೆಗಳಿದ್ದವು. ಬಾಯಿಬಿಟ್ಟು ಹೇಳಲು ನಾಚುವ ಮಕ್ಕಳ ಅಂತರಂಗದ ನಿವೇದನೆಗಳೂ ಇದ್ದವು. ಈ ಪೆಟ್ಟಿಗೆಯಿಂದ ಮಕ್ಕಳಿಗೆ ಇನ್ನೊಂದು ಲಾಭವಿತ್ತು. ಬರೆಯಬೇಕಾದರೆ ಯೋಚಿಸಬೇಕು. ಕೇಳಿದೊಡನೆ ಉತ್ತರ ಸಿಗದು, ಕಾಯಬೇಕು. ಕಾಯುವಾಗ ಯಾವುದು ಮುಖ್ಯ, ಯಾವುದು ಕ್ಷುಲ್ಲಕ ಎಂಬ ವಿವೇಚನೆ ತಾನಾಗಿ ಮೂಡುತ್ತದೆ. ಹಿರಿಯರಿಗೂ ಲಾಭವಿತ್ತು. ನೂರು ಕೆಲಸಗಳ ನಡುವೆ ಅವಸರದಿಂದ ಆಡಿಬಿಡುವ ಮಾತು ಮಗುವನ್ನು ನೋಯಿಸಬಹುದು. ರಾತ್ರಿ ಓದಿ ಬೆಳಗ್ಗೆ ಆಡುವ ಮಾತಿನಲ್ಲಿ ವಿವೇಕವಿರುತ್ತದೆ.

ಮನೆಯ ಮಕ್ಕಳಿಗೆ ತಮ್ಮ ಚಿಕ್ಕಪುಟ್ಟ ಆಸ್ತಿಯನ್ನು ಇಟ್ಟುಕೊಳ್ಳಲು ಸ್ವಂತದ ಖಾನೆಗಳಿದ್ದವು. ಒಂದು ತುಂಡು ದಾರ, ಒಂದೆರಡು ಮಣಿಗಳು, ಬಣ್ಣದ ಗಾಜಿನ ಚೂರು, ಹಳೆಯ ಡಬ್ಬಿ, ದೊಡ್ಡವರ ಕಣ್ಣಿಗೆ ಇವೆಲ್ಲ ಕಸ. ಮಗುವಿಗೆ ಅವು ನೆನಪುಗಳ ಭಂಡಾರ, ನಾಳಿನ ಕನಸುಗಳ ಬಂಡವಾಳ. ಶುಚಿತ್ವದ ಹೆಸರಿನಲ್ಲಿ ಅವನ್ನು ಕಿತ್ತು ಎಸೆಯುವ ಶಿಕ್ಷಕನು ಪರರ ಸೊತ್ತನ್ನು ಅಪಹರಿಸಿದಂತೆಯೇ ಎಂಬುದು ಕೊರ್ಚಾಕರ ಖಚಿತವಾದ ನಿಲುವು. ಕಳೆದುಹೋದ ವಸ್ತುಗಳಿಗೆ ಗಾಜಿನ ಬಾಗಿಲಿನ ಕಪಾಟು ಇತ್ತು. ಸಿಕ್ಕ ವಸ್ತು ಎಷ್ಟೇ ಅಲ್ಪವಾಗಿರಲಿ, ಒಡೆಯನು ಬರುವವರೆಗೆ ಅದು ಅಲ್ಲಿ ಭದ್ರವಾಗಿರುತ್ತಿತ್ತು. ಮಗುವಿನ ಪುಟ್ಟ ವಸ್ತುವನ್ನು ಗೌರವಿಸದವನು ಅದರ ಪುಟ್ಟ ಗುಟ್ಟನ್ನು ಹೇಗೆ ತಾನೇ ಗೌರವಿಸಿಯಾನು?

ದುರಭ್ಯಾಸಗಳನ್ನು ಬಿಡಿಸಲು ಅವರು ಹೂಡಿದ ಉಪಾಯವೂ ನಂಬಿಕೆಯ ಮೇಲೆಯೇ ನಿಂತಿತ್ತು. ಮೇಲಿಂದ ಮೇಲೆ ಜಗಳವಾಡುವ ಹುಡುಗನೊಬ್ಬನು ಅವರ ಬಳಿಗೆ ಬಂದು, ಮುಂದಿನ ವಾರದಲ್ಲಿ ಇಷ್ಟಕ್ಕಿಂತ ಹೆಚ್ಚು ಸಲ ಜಗಳವಾಡುವುದಿಲ್ಲವೆಂದು ಪಂಥ ಕಟ್ಟಬಹುದಾಗಿತ್ತು. ಒಮ್ಮೆಗೇ ಎಲ್ಲವನ್ನೂ ಬಿಟ್ಟುಬಿಡುವ ಪ್ರತಿಜ್ಞೆಯನ್ನು ಕೊರ್ಚಾಕ್ ಒಪ್ಪುತ್ತಿರಲಿಲ್ಲ. ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡಿಕೊಳ್ಳುವಂತೆ ಹುರಿದುಂಬಿಸುತ್ತಿದ್ದರು. ವಾರ ಕಳೆದ ಮೇಲೆ ಗೆದ್ದೆನೋ ಸೋತೆನೋ ಎಂಬುದನ್ನು ಹುಡುಗನೇ ಹೇಳಬೇಕು. ಗೆದ್ದವನಿಗೆ ಮಿಠಾಯಿ. ಹುಡುಗನ ಮಾತಿಗೆ ಸಾಕ್ಷಿ ಕೇಳುತ್ತಿರಲಿಲ್ಲ, ಗುಟ್ಟಾಗಿ ವಿಚಾರಿಸುತ್ತಲೂ ಇರಲಿಲ್ಲ. ತನ್ನ ಮಾತನ್ನು ನಂಬುವವರೊಬ್ಬರಿದ್ದಾರೆಂದು ತಿಳಿದ ಮಗು ಸುಳ್ಳು ಹೇಳಲು ಹಿಂಜರಿಯುತ್ತದೆ ಎಂಬುದನ್ನು ಅವರು ಕಂಡುಕೊಂಡಿದ್ದರು.

ಹಾಗಾದರೆ ಆ ಮನೆಯಲ್ಲಿ ಎಲ್ಲವೂ ಗುಟ್ಟಾಗಿಯೇ ನಡೆಯುತ್ತಿತ್ತೇ? ಇಲ್ಲ. ಮಗುವಿನ ಸಂಕೋಚವನ್ನು ಮರೆಯಲ್ಲಿಡಬೇಕು. ಅನ್ಯಾಯವನ್ನು ಬೆಳಕಿಗೆ ತರಬೇಕು. ಈ ಎರಡರ ವ್ಯತ್ಯಾಸವನ್ನು ಕೊರ್ಚಾಕ್ ಚೆನ್ನಾಗಿ ಬಲ್ಲವರಾಗಿದ್ದರು. ಬಲಿಷ್ಠನು ದುರ್ಬಲನನ್ನು ಪೀಡಿಸಿದರೆ, ಅದನ್ನು ಮುಚ್ಚಿಡುವ ಮೌನ ಪೀಡಕನಿಗೇ ನೆರವಾಗುತ್ತದೆ. ಆದುದರಿಂದ ಅಂಚೆ ಪೆಟ್ಟಿಗೆಯ ಜೊತೆಗೆ ಅವರು ಮಕ್ಕಳದೇ ಆದ ನ್ಯಾಯಾಲಯವನ್ನೂ ಸ್ಥಾಪಿಸಿದರು. ತನಗೆ ಅನ್ಯಾಯವಾಯಿತೆಂದು ತಿಳಿದ ಯಾವ ಮಗುವಾದರೂ ಅಲ್ಲಿ ದಾವೆ ಹೂಡಬಹುದಾಗಿತ್ತು. ಆ ವಾರ ಯಾರ ಮೇಲೆ ದೂರುಗಳಿರಲಿಲ್ಲವೋ ಅಂಥ ಮಕ್ಕಳಲ್ಲಿ ಐವರನ್ನು ಚೀಟಿ ಎತ್ತಿ ನ್ಯಾಯಾಧೀಶರನ್ನಾಗಿ ಮಾಡುತ್ತಿದ್ದರು. ಹಿರಿಯರು ಬರೆದುಕೊಳ್ಳುವ ಕಾರ್ಯದರ್ಶಿಗಳು ಮಾತ್ರ. ತೀರ್ಪು ಹೇಳುವ ಅಧಿಕಾರ ಅವರಿಗಿರಲಿಲ್ಲ.

ಆ ನ್ಯಾಯಾಲಯಕ್ಕಾಗಿ ಕೊರ್ಚಾಕ್ ರಚಿಸಿದ ಸಂಹಿತೆ ವಿಸ್ಮಯಕರವಾದುದು. ಅದರ ವಿಧಿಗಳ ಸಂಖ್ಯೆ 1ರಿಂದ 1000ದವರೆಗೆ ಏರುತ್ತ ಹೋಗುತ್ತದೆ. ಮೊದಲ 99 ವಿಧಿಗಳೂ ಕ್ಷಮೆಯ ವಿಧಿಗಳು, ಇಲ್ಲವೇ ಮೊಕದ್ದಮೆಯನ್ನು ಕೈಬಿಡುವ ವಿಧಿಗಳು. ತಿಳಿಯದೆ ಮಾಡಿದವನನ್ನು, ಹೆದರಿ ಮಾಡಿದವನನ್ನು, ಈಗಾಗಲೇ ಪಶ್ಚಾತ್ತಾಪಪಟ್ಟವನನ್ನು ಕ್ಷಮಿಸಲು ಅಲ್ಲಿ ಅವಕಾಶವಿತ್ತು. 100ನೆಯ ವಿಧಿಯಿಂದ ಮುಂದಕ್ಕೆ ತಪ್ಪಿನ ಗಂಭೀರತೆಗೆ ತಕ್ಕಂತೆ ಎಚ್ಚರಿಕೆಗಳು ಬರುತ್ತವೆ. ತಪ್ಪಿತಸ್ಥನ ಹೆಸರನ್ನು ಮನೆಯ ಪತ್ರಿಕೆಯಲ್ಲಿ ಪ್ರಕಟಿಸುವ ಮಾತು ಬರುವುದು 500ನೆಯ ವಿಧಿಯಲ್ಲಿ. ಮನೆಯವರಿಗೆ ತಿಳಿಸುವುದು 700ನೆಯ ವಿಧಿಯಲ್ಲಿ. ಮನೆಯಿಂದ ಹೊರಗೆ ಕಳುಹಿಸುವ ಕಟ್ಟಕಡೆಯ ವಿಧಿ 1000ನೆಯದು. ಬೇರೆಡೆಗಳಲ್ಲಿ ಸಣ್ಣ ತಪ್ಪಿಗೂ ಮೊದಲು ಮಾಡುವ ಕೆಲಸವೆಂದರೆ ಹೆಸರು ಹಿಡಿದು ಕೂಗುವುದು, ತಂದೆತಾಯಿಗಳಿಗೆ ದೂರುವುದು. ಕೊರ್ಚಾಕರ ಸಂಹಿತೆಯಲ್ಲಿ ಅವು ಬಹು ಎತ್ತರದ ಮೆಟ್ಟಿಲುಗಳು. ಒಂದು ಮಗುವಿನ ವಿಷಯವನ್ನು ಯಾರಿಗೆ, ಯಾವಾಗ, ಎಷ್ಟು ತಿಳಿಸಬೇಕೆಂಬುದು ಕೋಪದಲ್ಲಿ ತೀರ್ಮಾನಿಸುವ ಸಂಗತಿಯಲ್ಲ, ತೂಗಿ ನೋಡಿ ಹೆಜ್ಜೆ ಹೆಜ್ಜೆಯಾಗಿ ಮುಂದುವರಿಯಬೇಕಾದ ಸಂಗತಿ ಎಂಬ ತತ್ತ್ವ ಇದರಲ್ಲಿ ಅಡಗಿದೆ.

ಈ ವ್ಯವಸ್ಥೆ ಎಡವದೆ ನಡೆಯಿತೆಂದು ಭಾವಿಸಬಾರದು. ಕೆಲವರು ಕ್ಷುಲ್ಲಕ ದೂರುಗಳನ್ನು ತಂದರು. ಕೆಲವರು ತೀರ್ಪುಗಳನ್ನು ಹಗುರವಾಗಿ ಕಂಡರು. ಒಂದು ಹಂತದಲ್ಲಿ ಕೊರ್ಚಾಕ್ ನ್ಯಾಯಾಲಯವನ್ನು ಕೆಲಕಾಲ ನಿಲ್ಲಿಸಬೇಕಾಯಿತು. ಅದು ಮತ್ತೆ ಆರಂಭವಾದಾಗ ಒಂದು ಮಹತ್ತ್ವದ ನಿಯಮ ಸೇರಿತು: ಮಕ್ಕಳು ಹಿರಿಯರ ಮೇಲೆಯೂ ದಾವೆ ಹೂಡಬಹುದು. ಹೀಗೆ ಸಂಸ್ಥೆಯ ಮುಖ್ಯಸ್ಥರಾದ ಕೊರ್ಚಾಕರೇ ಆರು ತಿಂಗಳಲ್ಲಿ ಐದು ಬಾರಿ ತಮ್ಮ ಮಕ್ಕಳ ಮುಂದೆ ಆರೋಪಿಯಾಗಿ ನಿಂತರು. ಒಬ್ಬ ಹುಡುಗನ ಕೆನ್ನೆಗೆ ಹೊಡೆದುದು ಒಂದು ಆರೋಪ. ಇನ್ನೊಬ್ಬನನ್ನು ಮಲಗುವ ಕೋಣೆಯಿಂದ ಹೊರಗೆ ಹಾಕಿದುದು ಮತ್ತೊಂದು. ಬಾಲಕಿಯೊಬ್ಬಳು ಕದ್ದಳೆಂದು ಶಂಕಿಸಿದುದೂ ಆ ಐದರಲ್ಲಿ ಒಂದಾಗಿತ್ತು. ಮಗುವಿನ ಮೇಲೆ ಅಕಾರಣವಾಗಿ ಸಂಶಯಪಡುವುದೂ ಒಂದು ಅಪರಾಧವೆಂದು ಆ ಪುಟ್ಟ ನ್ಯಾಯಾಲಯ ಪರಿಗಣಿಸಿತು. ಅದನ್ನು ಕೊರ್ಚಾಕ್ ಅವಮಾನವೆಂದು ಬಗೆಯಲಿಲ್ಲ. ಮಕ್ಕಳ ಮೇಲೆ ಅಧಿಕಾರವುಳ್ಳವನು ತನ್ನ ನಡತೆಗೆ ಲೆಕ್ಕ ಒಪ್ಪಿಸಬೇಕೆಂಬುದನ್ನು ಆ ಕೆಲವು ಮೊಕದ್ದಮೆಗಳು ತಮಗೆ ಕಲಿಸಿದವೆಂದು ಅವರು ಮುಕ್ತಮನಸ್ಸಿನಿಂದ ಒಪ್ಪಿಕೊಂಡರು.

ಶಿಕ್ಷಕರಾಗಲು ಬಯಸುವ ತರುಣ ತರುಣಿಯರು ಅನಾಥಾಲಯದಲ್ಲಿಯೇ ವಾಸಿಸುತ್ತ ತರಬೇತಿ ಪಡೆಯುತ್ತಿದ್ದರು. ಕೊರ್ಚಾಕ್ ವಾರ್ಸಾದ ವಿಶೇಷ ಶಿಕ್ಷಣ ಸಂಸ್ಥೆಯಲ್ಲಿಯೂ ಉಪನ್ಯಾಸ ನೀಡುತ್ತಿದ್ದರು. ಅವರ ಒಂದು ಪಾಠವನ್ನು ಕೇಳಿದವರು ಬಹುಕಾಲ ನೆನೆಯುತ್ತಿದ್ದರು. ಆ ದಿನ ಅವರು ವಿದ್ಯಾರ್ಥಿಗಳನ್ನು ಆಸ್ಪತ್ರೆಯ ಕ್ಷಕಿರಣ ಕೋಣೆಗೆ ಬರಹೇಳಿದರು. ಒಬ್ಬ ಚಿಕ್ಕ ಹುಡುಗನ ಕೈಹಿಡಿದು ಕರೆತಂದು ಯಂತ್ರದ ಹಿಂದೆ ನಿಲ್ಲಿಸಿ ದೀಪ ಆರಿಸಿದರು. ಕತ್ತಲೆಗೂ ಅಪರಿಚಿತ ಮುಖಗಳಿಗೂ ಹೆದರಿದ ಆ ಮಗುವಿನ ಹೃದಯ ಪರದೆಯ ಮೇಲೆ ಡವಡವನೆ ಬಡಿದುಕೊಳ್ಳುವುದು ಎಲ್ಲರಿಗೂ ಕಂಡಿತು. ಮಗುವಿನ ಮೇಲೆ ಕೈಯೆತ್ತುವಾಗ, ಕೋಪದಿಂದ ಗದರಿಸುವಾಗ ಈ ಹೃದಯವನ್ನು ನೆನೆಯಿರಿ ಎಂಬುದಷ್ಟೇ ಅಂದಿನ ಪಾಠದ ಸಾರ. ಹೊರಗೆ ಕಲ್ಲಿನಂತೆ ನಿಂತಿರುವ ಮಗುವಿನ ಒಳಗೆ ಏನು ನಡೆಯುತ್ತಿರುತ್ತದೆಂಬುದನ್ನು ತೋರಿಸಲು ಇದಕ್ಕಿಂತ ಉತ್ತಮವಾದ ಪಾಠವುಂಟೇ?

ಕೊರ್ಚಾಕರ ಲೇಖನಿಯೂ ಬಿಡುವಿಲ್ಲದೆ ದುಡಿಯಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಸೇನಾ ವೈದ್ಯರಾಗಿದ್ದಾಗ, ರಣರಂಗದ ಆಸ್ಪತ್ರೆಯಲ್ಲಿ ಕುಳಿತು ಮಗುವನ್ನು ಪ್ರೀತಿಸುವ ಬಗೆಯನ್ನು ಕುರಿತು ಒಂದು ಮಹತ್ಕೃತಿಯನ್ನು ಬರೆದರು. ಬಾಲಕ ದೊರೆಯೊಬ್ಬನ ಕಥೆಯಾದ ಒಂದನೆಯ ರಾಜ ಮ್ಯಾಟ್ ಎಂಬ ಅವರ ಕಾದಂಬರಿಯನ್ನು ಅನೇಕ ದೇಶಗಳ ಮಕ್ಕಳು ಓದಿ ನಲಿದಿದ್ದಾರೆ. 1926ರ ಅಕ್ಟೋಬರಿನಲ್ಲಿ ಅವರು ಮಕ್ಕಳೇ ಬರೆಯುವ ವಾರಪತ್ರಿಕೆಯೊಂದನ್ನು ಆರಂಭಿಸಿದರು. ಅನಾಥಾಲಯದ ಅಂಚೆ ಪೆಟ್ಟಿಗೆ ಈಗ ಇಡೀ ದೇಶದ ಮಕ್ಕಳಿಗೆ ತೆರೆದಂತಾಯಿತು. ಊರೂರುಗಳಿಂದ ಪತ್ರಗಳು ಹರಿದುಬಂದವು. 1934ರಿಂದ ಅವರು ರೇಡಿಯೋದಲ್ಲಿ ಮಕ್ಕಳಿಗಾಗಿ ಮಾತನಾಡತೊಡಗಿದರು. ಯಹೂದಿಯೊಬ್ಬರು ಪೋಲೆಂಡಿನ ಮಕ್ಕಳಿಗೆ ಬುದ್ಧಿ ಹೇಳುವುದನ್ನು ಸಹಿಸದ ಜನರಿದ್ದುದರಿಂದ ಅವರ ಹೆಸರನ್ನು ಹೇಳುತ್ತಿರಲಿಲ್ಲ. ಮುದಿ ಡಾಕ್ಟರು ಎಂದಷ್ಟೇ ಅವರು ಕೇಳುಗರಿಗೆ ಪರಿಚಿತರಾಗಿದ್ದರು. ಆದರೂ ಮನೆಮನೆಗಳಲ್ಲಿ ಆ ಮೃದುವಾದ ದನಿಗೆ ಮಕ್ಕಳು ಕಿವಿಗೊಟ್ಟು ಕುಳಿತಿರುತ್ತಿದ್ದರು.

1929ರಲ್ಲಿ ಪ್ರಕಟವಾದ ಚಿಕ್ಕ ಪುಸ್ತಕವೊಂದರಲ್ಲಿ ಅವರು ಗೌರವವು ಮಗುವಿನ ಹಕ್ಕೆಂದು ಸಾರಿದರು. ಮಗುವಿನ ಅಜ್ಞಾನಕ್ಕೆ, ಸೋಲಿಗೆ, ಕಣ್ಣೀರಿಗೆ, ಅದರ ಸೊತ್ತಿಗೆ, ಬೆಳವಣಿಗೆಯ ಕಠಿಣ ಹಾದಿಯಲ್ಲಿನ ಏರಿಳಿತಗಳಿಗೆ, ಗುಟ್ಟುಗಳಿಗೆ, ಎಲ್ಲಕ್ಕೂ ಗೌರವ ಸಲ್ಲಬೇಕು. ದೊಡ್ಡವರು ತಮ್ಮ ದೋಷಗಳನ್ನು ಮರೆಮಾಚಿ, ಮಕ್ಕಳ ದೋಷಗಳನ್ನು ಬಯಲಿಗೆಳೆಯುತ್ತಾರೆಂದು ಅವರು ನೊಂದು ಬರೆದರು. 1924ರಲ್ಲಿ ಜಿನೀವಾದಲ್ಲಿ ಅಂಗೀಕೃತವಾದ ಮಕ್ಕಳ ಹಕ್ಕುಗಳ ಘೋಷಣೆ ಕೂಡ ಅವರಿಗೆ ತೃಪ್ತಿ ತರಲಿಲ್ಲ. ಅದರ ದನಿ ದಯೆಗಾಗಿ ಬೇಡುವ ದನಿ; ಹಕ್ಕನ್ನು ಬೇಡುವುದಲ್ಲ, ಕೇಳಿ ಪಡೆಯುವುದು ಎಂಬುದು ಅವರ ಅಭಿಮತವಾಗಿತ್ತು.

1939ರ ಸೆಪ್ಟೆಂಬರಿನಲ್ಲಿ ಜರ್ಮನಿಯ ನಾಜಿ ಸೇನೆ ಪೋಲೆಂಡಿನ ಮೇಲೆ ದಾಳಿ ಮಾಡಿತು. ಮುಂದಿನ ವರ್ಷ ವಾರ್ಸಾದ ಯಹೂದಿಗಳನ್ನೆಲ್ಲ ಎತ್ತರದ ಗೋಡೆಯಿಂದ ಸುತ್ತುವರಿದ ಕೇರಿಯೊಳಗೆ ಕೂಡಿಹಾಕಲಾಯಿತು. 1940ರ ನವೆಂಬರಿನಲ್ಲಿ ಅನಾಥಾಲಯವೂ ತನ್ನ ಮನೆಯನ್ನು ಬಿಟ್ಟು ಅಲ್ಲಿಗೆ ಹೋಗಬೇಕಾಯಿತು. ಮಕ್ಕಳ ಆಹಾರಕ್ಕೆಂದು ತಂದ ಆಲೂಗೆಡ್ಡೆಯ ಬಂಡಿಯನ್ನು ಸೈನಿಕರು ಕಸಿದುಕೊಂಡಾಗ, ಕೊರ್ಚಾಕ್ ನಿರ್ಭಯರಾಗಿ ಅಧಿಕಾರಿಗಳ ಬಳಿಗೆ ಹೋಗಿ ಪ್ರತಿಭಟಿಸಿದರು. ಅದಕ್ಕಾಗಿ ಅವರು ಸೆರೆಮನೆ ಸೇರಬೇಕಾಯಿತು. ಬಿಡುಗಡೆಯಾಗಿ ಬಂದಾಗ ದೇಹ ಜರ್ಜರಿತವಾಗಿತ್ತು. ಆದರೂ ದಿನವೂ ಚೀಲ ಹೆಗಲಿಗೇರಿಸಿ ಮನೆಮನೆಗೆ ಅಲೆದು, ಸುಮಾರು ಇನ್ನೂರು ಮಕ್ಕಳಿಗೆ ಕೂಳು ಕೂಡಿಸಿ ತರುತ್ತಿದ್ದರು. ಹಸಿವು, ರೋಗ, ಸಾವುಗಳು ಸುತ್ತಲೂ ತಾಂಡವವಾಡುತ್ತಿದ್ದರೂ ಆ ಮನೆಯೊಳಗೆ ಪಾಠ ನಿಲ್ಲಲಿಲ್ಲ. ಮಕ್ಕಳ ನ್ಯಾಯಾಲಯವೂ ನಿಲ್ಲಲಿಲ್ಲ.

ಆ ಕತ್ತಲೆಯ ದಿನಗಳಲ್ಲಿ ಭಾರತದ ಕವಿಯೊಬ್ಬರ ಕೃತಿ ಆ ಮಕ್ಕಳಿಗೆ ಬೆಳಕಾಯಿತು. 1942ರ ಜುಲೈ 18ರಂದು ಅನಾಥಾಲಯದ ಮಕ್ಕಳು ರವೀಂದ್ರನಾಥ ಠಾಕೂರರ ಡಾಕ್‌ಘರ್ ಎಂಬ ನಾಟಕವನ್ನು ಅಭಿನಯಿಸಿದರು. ಕಾಯಿಲೆಯಿಂದ ಮನೆಯೊಳಗೇ ಬಂಧಿತನಾದ ಅಮಲ್ ಎಂಬ ಬಾಲಕನು ಕಿಟಕಿಯ ಬಳಿ ಕುಳಿತು, ಎದುರಿನ ಹೊಸ ಅಂಚೆ ಮನೆಯಿಂದ ತನಗೆ ರಾಜನ ಪತ್ರ ಬರುವುದೆಂದು ಕಾಯುತ್ತಾನೆ. ಕಡೆಗೆ ಶಾಂತವಾಗಿ ಕಣ್ಣು ಮುಚ್ಚುತ್ತಾನೆ. ಗೋಡೆಗಳ ನಡುವೆ ಸೆರೆಯಾದ ಆ ಮಕ್ಕಳಿಗೆ ಅಮಲ್ ಅಪರಿಚಿತನಾಗಿರಲಿಲ್ಲ. ಸಾವನ್ನು ಕುರಿತ ಮಾತನ್ನು ಮಕ್ಕಳಿಂದ ಮರೆಮಾಚುವುದೂ ಸಲ್ಲದು, ಅವರನ್ನು ಭಯದಲ್ಲಿ ಮುಳುಗಿಸುವುದೂ ಸಲ್ಲದು. ಕಠೋರ ಸತ್ಯವನ್ನು ಕೋಮಲವಾಗಿ ಮುಟ್ಟಿಸುವ ದಾರಿಯೊಂದನ್ನು ಕೊರ್ಚಾಕ್ ಆ ನಾಟಕದಲ್ಲಿ ಕಂಡರು.

ನಾಟಕ ನಡೆದ ನಾಲ್ಕೇ ದಿನಗಳಲ್ಲಿ ಕೇರಿಯ ಜನರನ್ನು ಟ್ರೆಬ್ಲಿಂಕಾ ಎಂಬ ಮೃತ್ಯುಶಿಬಿರಕ್ಕೆ ಸಾಗಿಸುವ ಕಾರ್ಯ ಆರಂಭವಾಯಿತು. ಕೊರ್ಚಾಕರನ್ನು ಉಳಿಸಲು ಮಿತ್ರರು ಮೊದಲಿನಿಂದಲೂ ಯತ್ನಿಸಿದ್ದರು. ಅವರ ಹಿಂದಿನ ಕಾರ್ಯದರ್ಶಿ ಇಗೋರ್ ನೆವೆರ್ಲಿ ಬೇರೆ ಹೆಸರಿನ ಗುರುತಿನ ಪತ್ರಗಳನ್ನು ಸಿದ್ಧಪಡಿಸಿ, ಗೋಡೆಯಾಚೆಗೆ ಕರೆದೊಯ್ಯಲು ಬಂದಿದ್ದರು. ಮಕ್ಕಳನ್ನು ಬಿಟ್ಟು ಬರುವುದು ಕೊರ್ಚಾಕರಿಗೆ ಊಹೆಗೂ ನಿಲುಕದ ಮಾತಾಗಿತ್ತು. 1942ರ ಆಗಸ್ಟ್ ತಿಂಗಳ ಮೊದಲ ವಾರದಲ್ಲಿ ಅನಾಥಾಲಯದ ಸರದಿ ಬಂದಿತು. ಮಕ್ಕಳು ಸಾಲಾಗಿ ಹೊರಟರು. ಅವರೊಡನೆ ಕೊರ್ಚಾಕ್ ನಡೆದರು. ಸ್ಟೆಫಾನಿಯಾ ವಿಲ್ಚಿನ್ಸ್ಕಾ ಮತ್ತು ಇತರ ಶಿಕ್ಷಕರೂ ನಡೆದರು. ಆ ಮೆರವಣಿಗೆಯನ್ನು ಕಂಡವರು ಅದನ್ನು ಬಾಳಿನಲ್ಲಿ ಮರೆಯಲಿಲ್ಲ. ಟ್ರೆಬ್ಲಿಂಕಾಕ್ಕೆ ಹೋದ ಅವರಲ್ಲಿ ಯಾರೂ ಮರಳಿ ಬರಲಿಲ್ಲ.

ಇಂದು ಟ್ರೆಬ್ಲಿಂಕಾದಲ್ಲಿ ಸಾವಿರಾರು ಸ್ಮಾರಕ ಶಿಲೆಗಳು ನಿಂತಿವೆ. ಆ ಶಿಲೆಗಳ ನಡುವೆ ವ್ಯಕ್ತಿಯ ಹೆಸರನ್ನು ಹೊತ್ತಿರುವುದು ಒಂದೇ. ಅದು ಯಾನುಷ್ ಕೊರ್ಚಾಕ್ ಮತ್ತು ಮಕ್ಕಳ ಸ್ಮಾರಕ. ಅವರ ದೇಶವಾದ ಪೋಲೆಂಡ್ 1978ರಲ್ಲಿ ಮಕ್ಕಳ ಹಕ್ಕುಗಳಿಗಾಗಿ ಅಂತರರಾಷ್ಟ್ರೀಯ ಒಡಂಬಡಿಕೆಯೊಂದು ಬೇಕೆಂದು ವಿಶ್ವಸಂಸ್ಥೆಯಲ್ಲಿ ಸೂಚಿಸಿತು. 1989ರ ನವೆಂಬರ್ 20ರಂದು ಆ ಒಡಂಬಡಿಕೆ ಅಂಗೀಕೃತವಾಯಿತು. 1992ರಲ್ಲಿ ಭಾರತವೂ ಅದಕ್ಕೆ ಸೇರಿತು. ಮಗುವಿನ ಅಭಿಪ್ರಾಯಕ್ಕೆ ಮನ್ನಣೆ ದೊರೆಯಬೇಕೆಂದು ಅದರ 12ನೆಯ ವಿಧಿ ಹೇಳುತ್ತದೆ. ಮಗುವಿನ ಖಾಸಗಿ ಬದುಕಿನಲ್ಲಿ, ಅದರ ಪತ್ರವ್ಯವಹಾರದಲ್ಲಿ ಯಾರೂ ಮನಬಂದಂತೆ ಕೈಹಾಕಬಾರದೆಂದು 16ನೆಯ ವಿಧಿ ಹೇಳುತ್ತದೆ. ಕ್ರೋಹ್ಮಾಲ್ನಾ ಬೀದಿಯ ಮನೆಯಲ್ಲಿ ಮಕ್ಕಳ ನ್ಯಾಯಾಲಯವೂ ಅಂಚೆ ಪೆಟ್ಟಿಗೆಯೂ ಮಾಡುತ್ತಿದ್ದ ಕೆಲಸಕ್ಕೆ ಹೀಗೆ ಜಗತ್ತಿನ ರಾಷ್ಟ್ರಗಳ ಮುದ್ರೆ ಬಿದ್ದಿತು.

ಇಂದು ಶಾಲೆಯಲ್ಲಿ ಮಗುವಿನ ಮಾತನ್ನು ಕೇಳಲು ಕುಳಿತುಕೊಳ್ಳುವವರು ಶಿಕ್ಷಕರಿರಲಿ, ಆಪ್ತಸಲಹೆಗಾರರಿರಲಿ, ಅವರ ಮುಂದೆ ಎರಡು ಕರ್ತವ್ಯಗಳಿವೆ. ಮಗು ನಾಚಿ, ನಂಬಿ ಹೇಳಿದುದನ್ನು ಕಾಪಾಡುವುದು ಒಂದು. ಆ ಮಗುವಿಗೋ ಇನ್ನೊಬ್ಬರಿಗೋ ಅಪಾಯ ಒದಗುವಂತಿದ್ದರೆ ಸುಮ್ಮನಿರದೆ, ಮಗುವಿಗೆ ತಿಳಿಯಪಡಿಸಿ, ನೆರವಾಗಬಲ್ಲವರಿಗೆ ಬೇಕಾದಷ್ಟನ್ನು ಮಾತ್ರ ತಿಳಿಸುವುದು ಇನ್ನೊಂದು. ಒಂದನ್ನು ಹಿಡಿದು ಇನ್ನೊಂದನ್ನು ಬಿಟ್ಟರೆ ಮಗುವಿಗೆ ದ್ರೋಹವಾಗುತ್ತದೆ. ಕೊರ್ಚಾಕ್ ಎರಡನ್ನೂ ತೂಗಿಸಿಕೊಂಡು ಬಾಳಿದರು. ಗುಟ್ಟನ್ನು ಅರಿತವನಿಗೆ ಅಧಿಕಾರ ಬರುತ್ತದೆ. ಆ ಅಧಿಕಾರವನ್ನು ಅವರು ಮಕ್ಕಳ ಒಳಿತಿಗಲ್ಲದೆ ಬೇರಾವುದಕ್ಕೂ ಬಳಸಲಿಲ್ಲ, ತಾವು ತಪ್ಪಿದಾಗ ಮಕ್ಕಳ ಮುಂದೆ ನಿಂತು ಉತ್ತರ ಹೇಳಲು ಹಿಂಜರಿಯಲಿಲ್ಲ. ತಮ್ಮನ್ನು ನಂಬಿದ ಮಕ್ಕಳ ಕೈಯನ್ನು ಅವರು ಕಡೆಯ ದಾರಿಯಲ್ಲಿಯೂ ಬಿಡಲಿಲ್ಲ.